ಮೇಲೋಗರದ ಮಾತು

ಹೋದ ತಿಂಗಳು ತರಗತಿಯಲ್ಲಿ ಪಾಠದ ನಡುವೆ ‘ಮೇಲೋಗರ’ ಎಂಬ ಮಾತು ಬಂದಿತು. ಅದರ ಅರ್ಥವನ್ನು ಬಲ್ಲವರು ಒಬ್ಬರೂ ಇರಲಿಲ್ಲ. ಇದರಲ್ಲಿ ಅಚ್ಚರಿಪಡುವಂಥದೇನೂ ಇಲ್ಲ. ಓಗರವೆಂದರೆ ಅನ್ನ, ಅನ್ನದ ಮೇಲೆ ಬಡಿಸಿಕೊಳ್ಳುವುದು ಮೇಲೋಗರ ಎಂದು ಬಿಡಿಸಿ ಹೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ, “ಹಾಗಾದರೆ ಕರಿ ಅನ್ನಿ ಸಾರ್, ತಿಳಿಯುತ್ತದೆ” ಎಂದ. ತರಗತಿ ನಕ್ಕಿತು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ಮಾತ್ರ ಆ ಮಾತು ನನ್ನನ್ನು ಬಿಡಲಿಲ್ಲ.

‘ಕರಿ’ಯನ್ನು ಪರಕೀಯವೆಂದು ಕಂಡು ಮೂಗು ಮುರಿಯುವ ಹಾಗಿಲ್ಲ. ಅದು ನಮ್ಮ ದ್ರಾವಿಡ ನುಡಿಗಳಿಂದಲೇ ಹೊರಟು ಲೋಕಸಂಚಾರ ಮಾಡಿ ಮರಳಿದ ಪದ. 1886ರಲ್ಲಿ ಅಚ್ಚಾದ ‘ಹಾಬ್ಸನ್-ಜಾಬ್ಸನ್’ ಕೋಶವು ಅದನ್ನು ತಮಿಳಿನ ‘ಕರಿ’ಯೆಂದು ಗುರುತಿಸಿ, ಪೋರ್ಚುಗೀಸರು ಕೈಗೆತ್ತಿಕೊಂಡದ್ದು ಕನ್ನಡದ ‘ಕರಿಲ್’ ಎಂಬ ರೂಪವನ್ನು ಎನ್ನುತ್ತದೆ. ಮನೆ ಬಿಟ್ಟು ಹೋದ ಮಗ ಪರದೇಶದಲ್ಲಿ ಹಣ ಮಾಡಿ ಹ್ಯಾಟು ಧರಿಸಿ ಹಿಂದಿರುಗಿದ ಹಾಗಾಯಿತು. ಬರಲಿ, ಸಂತೋಷ. ಆದರೆ ಹಾಗೆ ಬಂದವನು ಮನೆಯಲ್ಲಿದ್ದ ಒಡಹುಟ್ಟಿದವರನ್ನೆಲ್ಲ ಹೊರಗೆ ಹಾಕಿ ಬಾಗಿಲು ಮುಚ್ಚಿಕೊಂಡರೆ ಏನು ಹೇಳೋಣ? ಯಾವ ಕರಿ, ಅಪ್ಪಾ? ಹುಳಿಯೋ, ಸಾರೋ, ಗೊಜ್ಜೋ, ಕೂಟೋ, ಮಜ್ಜಿಗೆಹುಳಿಯೋ ಎಂದು ಆ ಹುಡುಗನನ್ನು ನಾನು ಕೇಳಬೇಕಾಗಿತ್ತು.

ನಮ್ಮದು ಮುದ್ದೆಯ ಸೀಮೆ. ಅಲ್ಲಿಯ ಬಸ್ಸಾರನ್ನೇ ನೋಡಿ. ಸೊಪ್ಪನ್ನೂ ಕಾಳನ್ನೂ ಒಟ್ಟಿಗೆ ಬೇಯಿಸಿ ಕಟ್ಟನ್ನು ಬಸಿಯುತ್ತಾರೆ. ಬೆಂದ ಕಾಳಿನಲ್ಲಿ ಒಂದು ಹಿಡಿಯನ್ನು ತೆಗೆದು, ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಒಣಮೆಣಸಿನಕಾಯಿ, ಕಾಯಿತುರಿ, ಹುಣಿಸೆಗಳೊಡನೆ ರುಬ್ಬಿ ಆ ಕಟ್ಟಿಗೆ ಕದಡಿ ಕುದಿಸಿದರೆ ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆಯಿಂದ ಎರಡು ಮೇಲೋಗರ. ಚೆಲ್ಲುವುದು ಏನೂ ಇಲ್ಲ. ಮಾರನೆಯ ದಿನ ಅದರ ರುಚಿ ಇಮ್ಮಡಿ. ಅದೇ ಕಟ್ಟಿಗೆ ಮಸಾಲೆಯನ್ನು ಕಲಸದೆ ಖಾರವನ್ನು ಬೇರೆಯಾಗಿ ಅರೆದಿಟ್ಟರೆ ಅದು ಉಪ್ಸಾರು. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಬೇರೆ ಹೆಸರನ್ನು ಇಟ್ಟ ಜನ ರುಚಿಯ ವಿಷಯದಲ್ಲಿ ವೈಯಾಕರಣರೇ ಸರಿ. ಮಲೆನಾಡಿನವರ ಒಂದೆಲಗದ ತಂಬುಳಿ ಒಲೆಯ ಮೇಲೆ ಕುದಿಯುವುದೇ ಇಲ್ಲ. ಕರಾವಳಿಯ ಕೊಂಕಣಿ ಮನೆಗಳ ಕೊದ್ದೇಲು ಬೆಳ್ಳುಳ್ಳಿಯ ಒಗ್ಗರಣೆಯಿಲ್ಲದೆ ಕೊದ್ದೇಲಾಗದು. ಉತ್ತರದ ಎಣ್ಣೆಗಾಯಿಗೆ ಗುರೆಳ್ಳಿನ ಪುಡಿಯೇ ಜೀವ. ಇವನ್ನೆಲ್ಲ ‘ಕರಿ’ ಎಂಬ ಒಂದೇ ಚೀಲಕ್ಕೆ ತುಂಬುವುದು, ರಗಳೆ ಷಟ್ಪದಿ ಸಾಂಗತ್ಯಗಳನ್ನೆಲ್ಲ ಸೇರಿಸಿ ‘ಪದ್ಯ’ ಎಂದು ಕೈತೊಳೆದುಕೊಂಡ ಹಾಗೆ.

ಹಾಗೆಂದು ಹಳೆಯದೆಲ್ಲ ಅನಾದಿಯೆಂದು ನಾನು ವಾದಿಸುವವನಲ್ಲ. 1508ರ ಸುಮಾರಿನಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಬರೆದನು, ಬದನೆಯಂಥ ಕಾಯಿಗೆ ಅದರಲ್ಲಿ ದೊರೆತ ಮನ್ನಣೆಯನ್ನು ಕಂಡರೆ ಯಾವ ನಾಯಕನೂ ಕರುಬಬೇಕು. ಆದರೆ ಮಂಗರಸನ ಅಡುಗೆಮನೆಯಲ್ಲಿ ಮೆಣಸಿನಕಾಯಿ ಇಲ್ಲ, ಆಲೂಗೆಡ್ಡೆ ಇಲ್ಲ, ಟೊಮೆಟೊ ಇಲ್ಲ. ಅವು ಅಮೆರಿಕ ಖಂಡದಿಂದ ಆಮೇಲೆ ಇಲ್ಲಿಗೆ ಬಂದವು. ಅವನು ಬಲ್ಲ ಖಾರ ಕಾಳುಮೆಣಸಿನದು. ಆ ಮೆಣಸಿನ ಹೆಸರನ್ನೇ ಹೊಸ ಕಾಯಿಗೆ ಇಟ್ಟು ಕನ್ನಡಿಗರು ಅದನ್ನು ಮನೆಯ ಮಗಳನ್ನಾಗಿ ಮಾಡಿಕೊಂಡರು. ಹೊಸತನ್ನು ಬರಮಾಡಿಕೊಂಡು ಅದಕ್ಕೆ ನಮ್ಮ ಹೆಸರಿಡುವುದು ಒಂದು. ಹೊಸತು ಬಂದೊಡನೆ ನಮ್ಮ ಹೆಸರುಗಳನ್ನೆಲ್ಲ ಮರೆಯುವುದು ಇನ್ನೊಂದು.

ಇಂದು ಪೇಟೆಯ ದೊಡ್ಡ ಹೋಟೆಲಿನ ತಿಂಡಿಪಟ್ಟಿಯನ್ನು ಬಿಡಿಸಿದರೆ ನಲವತ್ತು ಕರಿಗಳ ಹೆಸರು ಕಾಣುತ್ತದೆ. ಒಳಗೆ ಹೋಗಿ ನೋಡಿದರೆ ಈರುಳ್ಳಿ, ಟೊಮೆಟೊ, ಗೋಡಂಬಿಗಳನ್ನು ಅರೆದು ಮುಂಚೆಯೇ ಕುದಿಸಿಟ್ಟ ಎರಡೋ ಮೂರೋ ರಸಗಳು. ಒಂದಕ್ಕೆ ಪನೀರು ಬಿದ್ದರೆ ಒಂದು ಹೆಸರು, ಬಟಾಣಿ ಬಿದ್ದರೆ ಮತ್ತೊಂದು. ಅಡುಗೆಯವನನ್ನು ಬಯ್ಯುವುದು ನ್ಯಾಯವಲ್ಲ. ಹತ್ತು ನಿಮಿಷದಲ್ಲಿ ತಟ್ಟೆ ಮುಂದಕ್ಕೆ ಬರಬೇಕೆಂದು ಹಟ ಹಿಡಿದವರು ನಾವು. ರುಚಿಯಾಗಿಯೇ ಇರುತ್ತದೆ, ನಾನೂ ತಿನ್ನುತ್ತೇನೆ.

ಇಲ್ಲಿಗೆ ನಿಲ್ಲಿಸಿ ಮನೆಯ ಅಡುಗೆಗೆ ಜಯಕಾರ ಹೇಳಿದ್ದರೆ ಈ ಲೇಖನ ಹಲವರಿಗೆ ಹಿತವಾಗುತ್ತಿತ್ತು. ಆದರೆ ಒಂದು ಪ್ರಸಂಗ ಅಡ್ಡ ಬರುತ್ತದೆ.

ನನಗೆ ಕೆಲಸವಾದ ವರ್ಷ ತಾಯಿಯವರನ್ನು ಕಣ್ಣಿನ ಪರೀಕ್ಷೆಗೆಂದು ಮೈಸೂರಿಗೆ ಕರೆದುಕೊಂಡು ಹೋಗಿದ್ದೆ. ಬೆಳಗಿನ ಹೊತ್ತು, ಹೋಟೆಲೊಂದರಲ್ಲಿ ಕುಳಿತು ಪೂರಿ ಸಾಗು ತರಿಸಿದೆ. ಐವತ್ತು ದಾಟಿದ ಅವರು ಹೋಟೆಲಿನಲ್ಲಿ ಕುಳಿತದ್ದು ಅದೇ ಮೊದಲು. ತಂದೆಯವರು ಪೇಟೆಗೆ ಬಂದಾಗಲೆಲ್ಲ ಹೋಗುತ್ತಿದ್ದರು. ತಾಯಿಯವರಿಗೆ ಪೇಟೆಯಲ್ಲಿ ಕೆಲಸವಿರಲಿಲ್ಲ. ಮೊದಲ ತುತ್ತಿಗೇ ಅವರು, “ಎಷ್ಟು ಬಿಸಿಯಾಗಿದೆ!” ಎಂದರು. ನಾಲಗೆ ಸುಟ್ಟಿತೇನೋ ಎಂದು, “ಆರಲಿ, ನಿಧಾನವಾಗಿ ತಿನ್ನು” ಎಂದೆ. “ಬೇಡ ಬಿಡು, ಬಿಸಿಯಾಗಿಯೇ ತಿನ್ನುತ್ತೇನೆ” ಎಂದು ನಕ್ಕರು. ಹಿಂದಿರುಗುವ ಬಸ್ಸಿನಲ್ಲಿ ನನಗೆ ಅದರ ಅರ್ಥ ಹೊಳೆಯಿತು. ಅಜ್ಜ, ತಂದೆ, ನಾವು ಮಕ್ಕಳು ಒಲೆಯಿಂದ ಇಳಿದ ಸಾರನ್ನು ಹಬೆಯೊಡನೆ ಸುರಿಸಿಕೊಂಡು ಉಂಡು ಎದ್ದ ಮೇಲೆ, ಪಾತ್ರೆಯ ತಳದಲ್ಲಿ ಉಳಿದಷ್ಟು ಅವರ ಪಾಲು. ನಾನು ಇಂದು ಹಾಡಿ ಹೊಗಳುವ ಬಸ್ಸಾರನ್ನು ಅದನ್ನು ಮಾಡಿದಾಕೆ ಆರಿದ ಮೇಲಲ್ಲದೆ ಉಂಡವರಲ್ಲ.

ಹೋಟೆಲು ಈ ನಾಡಿಗೆ ಮಾಡಿದ ಉಪಕಾರ ಅಲ್ಪವಲ್ಲ. ಅಲ್ಲಿ ದುಡ್ಡು ಕೊಟ್ಟವರಿಗೆಲ್ಲ ಒಂದೇ ಸೌಟು. ಹಾಗಾಗುವುದಕ್ಕೂ ಕಾಲ ಹಿಡಿಯಿತೆನ್ನಿ. ಜಾತಿಯನ್ನು ನೋಡಿ ಬೇರೆ ಬೇರೆ ಕೋಣೆಗಳಲ್ಲಿ ಕೂರಿಸುತ್ತಿದ್ದ, ಕೆಲವರನ್ನು ಹೊಸಲೇ ದಾಟಗೊಡದಿದ್ದ ಹೋಟೆಲುಗಳೂ ಇದ್ದವು. 1950ರಲ್ಲಿ ಜಾರಿಗೆ ಬಂದ ಸಂವಿಧಾನ ತನ್ನ 15ನೆಯ ಅನುಚ್ಛೇದದಲ್ಲಿ ಹೋಟೆಲನ್ನೂ ಉಪಾಹಾರಗೃಹವನ್ನೂ ಹೆಸರಿಸಿಯೇ ಆ ಬಾಗಿಲನ್ನು ತೆರೆಸಬೇಕಾಯಿತು. ಪ್ರವೇಶ ನಿರಾಕರಿಸಿದವರಿಗೆ ಶಿಕ್ಷೆ ಬಂದದ್ದು 1955ರ ಕಾಯಿದೆಯಿಂದ. ಮನೆಯ ಪಂಕ್ತಿಗೆ ಅಂಥ ಅನುಚ್ಛೇದವಿಲ್ಲ.

ಆದುದರಿಂದ ಮನೆಯಡುಗೆ ಮರೆಯಾಯಿತೆಂದು ಮರುಗುವ ಗಂಡಸರ ಕಣ್ಣೀರಿನಲ್ಲಿ ನನಗೆ ವಿಶ್ವಾಸವಿಲ್ಲ. ಬೇಕಾದವರು ಸೌಟು ಹಿಡಿಯಲಿ. ಬಸ್ಸಾರು ಉಳಿಯಬೇಕೆಂಬ ನೆಪದಲ್ಲಿ ಒಬ್ಬ ಹೆಣ್ಣುಮಗಳು ಆರಿದ್ದನ್ನು ಉಣ್ಣುತ್ತಿರಬೇಕು ಎಂದಾದರೆ ಆ ಬಸ್ಸಾರು ಹೋದರೂ ಚಿಂತೆಯಿಲ್ಲ. ಆದರೆ ಅಂಥ ಸಂದಿಗ್ಧ ನಿಜವಾಗಿ ಇಲ್ಲ. ಉತ್ತರ ಕರ್ನಾಟಕದ ಖಾನಾವಳಿಗಳಲ್ಲಿ ರೊಟ್ಟಿಯೊಡನೆ ಎಣ್ಣೆಗಾಯಿ ಪಲ್ಯ ಬರುತ್ತದೆ. ನಮ್ಮ ಕಡೆಯ ಸಣ್ಣ ಮೆಸ್ಸುಗಳಲ್ಲಿ ಮುದ್ದೆಗೆ ಉಪ್ಸಾರು ಸಿಗುತ್ತದೆ. ಅವರಿಂದ ಆಗುವುದು ಗಾಜಿನ ಬಾಗಿಲಿನ ಹೋಟೆಲಿನವರಿಂದ ಏಕಾಗದು? ಕೇಳುವವರಿಲ್ಲ, ಅಷ್ಟೆ. ಕೇಳೋಣವೆಂದರೆ ಹೆಸರು ಗೊತ್ತಿರಬೇಕು. ಮುಂದಿನ ವಾರ ನನ್ನ ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಯ ಮೇಲೋಗರಗಳ ಹೆಸರನ್ನು ಬರೆದು ತರಬೇಕು. ಯಾರು ಮಾಡುತ್ತಾರೆ, ಮಾಡಿದವರು ಯಾವಾಗ ಉಣ್ಣುತ್ತಾರೆ ಎಂಬ ಇನ್ನೆರಡು ಅಂಕಣಗಳನ್ನೂ ಸೇರಿಸಿದ್ದೇನೆ. ಪಾಠಪಟ್ಟಿಯಲ್ಲಿ ಇದಿಲ್ಲವೆಂದು ಯಾರಾದರೂ ಆಕ್ಷೇಪಿಸಬಹುದು.

ನಾನಂತೂ ಈಚೆಗೆ ಭಾನುವಾರದ ಬಸ್ಸಾರನ್ನು ವಹಿಸಿಕೊಂಡಿದ್ದೇನೆ. ತಾಯಿಯವರು ನಮ್ಮೊಡನೆಯೇ ಇದ್ದಾರೆ; ಮೊದಲ ಬಡಿಸುವಿಕೆ ಅವರಿಗೆ. ಒಂದು ವಾರ ಕಾಳು ಬೆಂದಿರಲಿಲ್ಲ. ಕಳೆದ ವಾರ ಹುಣಿಸೆ ಹೆಚ್ಚಾಯಿತೆಂದರು. ಬಿಸಿಯ ವಿಷಯದಲ್ಲಿ ಇದುವರೆಗೆ ದೂರು ಬಂದಿಲ್ಲ.