ನೆಲವೇ ಡೊಂಕಾಗಿದ್ದರೆ?

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆ ಕಟ್ಟಿದವರು ಒಮ್ಮೆಯಾದರೂ ಆ ನೆಲವನ್ನು ಅಳೆದು ನೋಡಿದ್ದರೇ ಎಂಬುದು ನನ್ನ ಬಹುದಿನಗಳ ಅನುಮಾನ. ಈಗ ಅಲ್ಲೊಂದು ಇಲ್ಲೊಂದು ಮನೆಗೆ ಬರುತ್ತಿರುವ ವಿ.ಆರ್. ಹೆಡ್‌ಸೆಟ್ಟಿನ ವಿಷಯದಲ್ಲಂತೂ ಆ ಅನುಮಾನ ಗಟ್ಟಿಯಾಗಿದೆ.

ಅದು ಕಣ್ಣಿಗೆ ಕಟ್ಟಿಕೊಳ್ಳುವ ಡಬ್ಬಿ. ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಹಾಕಿ ಇದನ್ನು ತೊಟ್ಟರೆ ಪೈಲಟ್ಟಿನ ಸೀಟಿನಲ್ಲೇ ಕೂತಂತೆ. ಕತ್ತು ತಿರುಗಿಸಿದರೆ ರೆಕ್ಕೆ, ಬಗ್ಗಿದರೆ ಕೆಳಗೆ ಊರು. ನಮ್ಮ ಮನೆಯ ಹುಡುಗರು ಗಂಟೆಗಟ್ಟಲೆ ಹಾರುತ್ತಾರೆ. ನನ್ನ ತಂಗಿಯ ಮಗಳು ಮಂಗಳೂರಿನ ಗುಡ್ಡದ ಮೇಲಿನ ರನ್‌ವೇಗೆ ಇಳಿಸಲು ಹೋಗಿ, ಹತ್ತೇ ನಿಮಿಷಕ್ಕೆ ಹೊಟ್ಟೆ ತೊಳೆಸಿ ಕಿತ್ತಿಟ್ಟಳು. ತಕ್ಷಣ ತೀರ್ಪು ಬಂತು: "ಹುಡುಗೀರ ತಲೆಗೆ ಇದೆಲ್ಲ ಹಿಡಿಸಲ್ಲಮ್ಮ."

ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ಕಣ್ಣು "ವಿಮಾನ ವಾಲಿತು" ಎನ್ನುತ್ತದೆ; ಒಳಗಿವಿಯ ಸಮತೋಲನದ ಅಂಗ "ಇಲ್ಲ, ಕುರ್ಚಿಯಲ್ಲೇ ಇದ್ದೀಯ" ಎನ್ನುತ್ತದೆ. ಈ ಜಗಳ ಗಂಡಸರ ತಲೆಯಲ್ಲೂ ನಡೆಯುತ್ತದೆ. ಅದನ್ನು ಹೆಚ್ಚಿಸುವ ಕಾರಣಗಳು ಹೆಣ್ಣಿನ ತಲೆಯಲ್ಲಿಲ್ಲ, ಡಬ್ಬಿಯ ಹೊಂದಿಕೆಯಲ್ಲಿವೆ.

ಮೊದಲನೆಯದು ಕಣ್ಣುಪಾಪೆಗಳ ನಡುವಿನ ಅಂತರ. ಅಮೆರಿಕದ ಸೈನಿಕರ ಅಳತೆಗಳ ಪ್ರಕಾರ ಇದು ಗಂಡಸರಲ್ಲಿ ಸರಾಸರಿ 64 ಮಿಲಿಮೀಟರ್, ಹೆಂಗಸರಲ್ಲಿ ಸುಮಾರು 62. ಕ್ವೆಸ್ಟ್ 2 ಹೆಡ್‌ಸೆಟ್ಟಿನ ಮಸೂರಗಳಿಗೆ ಇರುವುದು ಮೂರೇ ಸ್ಥಾನ: 58, 63, 68. ಅಣ್ಣ ತನಗೆ ಬೇಕಾದಂತೆ 68ಕ್ಕೆ ಸರಿಸಿಟ್ಟದ್ದನ್ನು ತಂಗಿಯ ತಲೆಗೆ ಹಾಕಿದರೆ ಏನಾದೀತು? ಗಂಡನ ಕನ್ನಡಕ ಕೊಟ್ಟು ಸೂಜಿಗೆ ದಾರ ಪೋಣಿಸು ಎಂದಂತೆ! ಕೇ ಸ್ಟ್ಯಾನಿ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತು. ಹೆಂಗಸರಿಗೆ ಹೆಚ್ಚು ತಲೆಸುತ್ತು ಬರಲು ಮುಖ್ಯ ಕಾರಣ ಈ ಅಂತರ ಹೊಂದದಿರುವುದು. ಹೊಂದಿದಾಗ ಅವರ ಅನುಭವವೂ ಗಂಡಸರಂತೆಯೇ ಇತ್ತು. ನಿಮ್ಮ ಅಂತರ ಎಷ್ಟೆಂದು ಕನ್ನಡಕದ ಅಂಗಡಿಯವರೇ ಅಳೆದು ಹೇಳುತ್ತಾರೆ.

ಎರಡನೆಯದು ಚಿತ್ರದ ಹೊಂದಿಕೆ. ಎಲ್ಲವನ್ನೂ "ಅಲ್ಟ್ರಾ"ಕ್ಕೆ ಏರಿಸುವುದೇ ಗಂಡುಹುಡುಗರಿಗೆ ಜಂಬ. ಡಬ್ಬಿ ಸೆಕೆಂಡಿಗೆ 72 ಸಲ ಚಿತ್ರ ತೋರಿಸಬೇಕಾದರೆ ಕಂಪ್ಯೂಟರಿಗೆ ಪ್ರತಿ ಸಲ ಸಿಗುವುದು ಸುಮಾರು 14 ಮಿಲಿಸೆಕೆಂಡು, ಅದೂ ಎರಡು ಕಣ್ಣಿಗೆ ಎರಡು ಚಿತ್ರ. ಅಷ್ಟರಲ್ಲಿ ಮುಗಿಯದಿದ್ದರೆ ನೋಟ ತಡವರಿಸುತ್ತದೆ, ಹೊಟ್ಟೆ ತೊಳೆಸುತ್ತದೆ. ಒಮ್ಮೆ 50, ಒಮ್ಮೆ 30 ಎಂದು ಎಗರಾಡುವುದಕ್ಕಿಂತ, ಅರ್ಧಕ್ಕೆ, ಅಂದರೆ 36ಕ್ಕೆ ಕಟ್ಟಿಹಾಕಿ ನಡುವಿನ ಚಿತ್ರಗಳನ್ನು ತಂತ್ರಾಂಶವೇ ತುಂಬುವಂತೆ ಮಾಡುವುದು ಎಷ್ಟೋ ಮೇಲು.

ಈ ಆಟದಲ್ಲಿ ವಿ.ಆರ್.ಗೆಂದೇ ಬೇರೆ ಗ್ರಾಫಿಕ್ಸ್ ಪುಟವಿದೆ. ಪರದೆಯ ಹೊಂದಿಕೆ ಅಲ್ಲಿಗೆ ತಾಗುವುದಿಲ್ಲ. ಅಲ್ಲಿ ಮೋಡಗಳನ್ನು ಒಂದೆರಡು ಮೆಟ್ಟಿಲು ಇಳಿಸಿ. "ಟೆರೇನ್ ಲೆವೆಲ್ ಆಫ್ ಡೀಟೇಲ್" 200 ಇದ್ದರೆ 100 ಮಾಡಿ. ನೆರಳು, ಪ್ರತಿಬಿಂಬ, ನಿಲ್ದಾಣದ ವಾಹನಗಳು, ಎಲ್ಲ ಕಡಿಮೆ ಇರಲಿ. ಆದರೆ ಚಿತ್ರದ ಸ್ಪಷ್ಟತೆಯನ್ನು ಮಾತ್ರ ಕೊನೆಗೆ ಮುಟ್ಟಿ. ಎತ್ತರ, ವೇಗ ತೋರಿಸುವ ಅಂಕಿಗಳು ಓದಲು ಬರದಿದ್ದರೆ ಮೋಡದ ಚೆಂದ ಕಟ್ಟಿಕೊಂಡು ಏನು ಮಾಡುವುದು? ಡಿ.ಎಲ್.ಎಸ್.ಎಸ್. ಎಂಬ ಸೌಲಭ್ಯ ವೇಗ ಕೊಡುತ್ತದೆ, ನಿಜ. ಆದರೆ ಓಡುವ ಅಂಕಿಗಳು ಅದರಲ್ಲಿ ಕದಡಿದಂತೆ ಕಾಣಬಹುದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಅದೇ ವಿಮಾನ, ಅದೇ ದಾರಿ, ಅದೇ ಹವೆ ಇಟ್ಟು ನೋಡಿ. ಅರಬ್ಬೀ ಸಮುದ್ರದ ಮೇಲೆ ಸರಾಗವಾಗಿ ಹಾರಿದ್ದು ಬೆಂಗಳೂರಿನ ಕಟ್ಟಡಗಳ ಮೇಲೆ ಮುಗ್ಗರಿಸೀತು. ಆದ್ದರಿಂದ ಕಷ್ಟದ ಜಾಗದಲ್ಲೇ ಪರೀಕ್ಷಿಸಿ. ದುಬಾರಿ ಕಾರ್ಡು ಬೇಕೆಂದು ಮಗ ಪೀಡಿಸಿದರೆ ಮೊದಲು ಇಷ್ಟು ಮಾಡಿಸಿ, ಆಮೇಲೆ ಪರ್ಸು ಬಿಚ್ಚಿ.

"ಒಂದು ಆಟಕ್ಕೆ ಇಷ್ಟೆಲ್ಲ ರಾದ್ಧಾಂತವೇ ಟೀಚರ್?" ಎಂದೀರಿ. ಆಟವೇ ಹೌದು, ಮನೆಯಲ್ಲಿ ಹಾರಿದ ಗಂಟೆಗಳು ಲೈಸೆನ್ಸಿನ ಲೆಕ್ಕಕ್ಕೆ ಬರುವುದಿಲ್ಲ. ಸರಿಯಾಗಿ ಹೊಂದಿಸಿದ ಮೇಲೂ ಕೆಲವರಿಗೆ ತಲೆ ಸುತ್ತುತ್ತದೆ. ಅಂಥವರು ನಿಲ್ಲಿಸಬೇಕು, ಅದರಲ್ಲಿ ನಾಚಿಕೆಯೇನಿಲ್ಲ. ನನ್ನ ತಕರಾರು ಆ ತೀರ್ಪಿನ ಬಗ್ಗೆ. ಸೈಕಲ್ಲಿಗೂ ಲೆಕ್ಕಕ್ಕೂ ಇದೇ ಮಾತನ್ನು ಹೇಳಿದ್ದನ್ನು ನಾವೆಲ್ಲ ಕೇಳಿದವರೇ. ನಮ್ಮ ದೇಶದ ಪೈಲಟ್‌ಗಳಲ್ಲಿ ಶೇಕಡಾ 15ರಷ್ಟು ಹೆಂಗಸರು, ಜಗತ್ತಿನ ಸರಾಸರಿ ಶೇಕಡಾ 5 ಎಂದು ಸರ್ಕಾರವೇ 2023ರಲ್ಲಿ ಹೇಳಿದೆ. ಅಂಥ ದೇಶದ ಹುಡುಗಿ, ಮಸೂರ ಐದು ಮಿಲಿಮೀಟರ್ ಆಚೆ ಇದ್ದ ಕಾರಣಕ್ಕೆ "ನನ್ನಿಂದಾಗದು" ಎಂದು ಎದ್ದು ಹೋಗಬೇಕೇ?

ನಿಮ್ಮ ಮನೆಯಲ್ಲಿ ಆ ಡಬ್ಬಿ ಇದ್ದರೆ ಇವತ್ತೇ ಮಗಳ ಕಣ್ಣಿನ ಅಂತರ ಅಳೆಸಿ, ಮಸೂರವನ್ನು ಅವಳ ಅಳತೆಗೆ ಸರಿಸಿ, ಹೊಂದಿಕೆಯ ಪುಟವನ್ನು ಅವಳ ಕೈಗೇ ಕೊಡಿ. ಅಣ್ಣ ಸ್ವಲ್ಪ ಹೊತ್ತು ಪಕ್ಕದ ಕುರ್ಚಿಯಲ್ಲಿ ಕಾಯಲಿ.