ತಪಾಸಣೆ ಬೇಡವೆನ್ನುವ ವೈದ್ಯರಿಗೊಂದು ಪ್ರಶ್ನೆ

“ರೋಗಿಯ ನಾಡಿ ನೋಡಲೋ, ಅಧಿಕಾರಿಯ ರಿಜಿಸ್ಟರ್ ತುಂಬಲೋ?” ಸೇಡಂನ ಹಿರಿಯ ವೈದ್ಯರೊಬ್ಬರು ಹೀಗೆ ಪ್ರಶ್ನಿಸಿದರು. ತಪಾಸಣೆಗೆ ಬರುವವರು ಕಡತ ನೋಡುತ್ತಾರೆಯೇ ಹೊರತು ಚಿಕಿತ್ಸೆಯನ್ನಲ್ಲ, ವೈದ್ಯನಿಗೆ ಅವನ ಆತ್ಮಸಾಕ್ಷಿಯೇ ಸಾಕು ಎಂಬುದು ಅವರ ವಾದ.

ಈ ವಾದದಲ್ಲಿ ಅರ್ಧ ಸತ್ಯವಿದೆ. ದೇಶದ ವೈದ್ಯರನ್ನು ನಿಯಂತ್ರಿಸಬೇಕಾಗಿದ್ದ ಭಾರತೀಯ ವೈದ್ಯಕೀಯ ಮಂಡಳಿಯ ಅಧ್ಯಕ್ಷರೇ 2010ರ ಏಪ್ರಿಲ್‌ನಲ್ಲಿ ಲಂಚದ ಆರೋಪದ ಮೇಲೆ ಸಿಬಿಐ ಬಲೆಗೆ ಬಿದ್ದರು. ಮರುತಿಂಗಳು ಮಂಡಳಿಯನ್ನೇ ವಿಸರ್ಜಿಸಲಾಯಿತು. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯೂ ಸರಕಾರಿ ಆಸ್ಪತ್ರೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಖಾಸಗಿಯವರಿಗೊಂದು ನ್ಯಾಯ, ಸರಕಾರಕ್ಕೊಂದು ನ್ಯಾಯವೇ ಎಂದು ವೈದ್ಯರು ಕೇಳಿದರೆ ಉತ್ತರಿಸುವುದು ಕಷ್ಟ.

ಆದರೆ ಆತ್ಮಸಾಕ್ಷಿಯೇ ಸಾಕೆನ್ನುವವರು ನಮ್ಮದೇ ಜಿಲ್ಲೆಯ 2015ನೇ ವರ್ಷವನ್ನು ನೆನೆಯಬೇಕು. ಹೊಟ್ಟೆನೋವು, ಬಿಳಿಸೆರಗೆಂದು ಕಲಬುರಗಿಗೆ ಬಂದ ಲಂಬಾಣಿ ಮತ್ತು ದಲಿತ ಮಹಿಳೆಯರಿಗೆ ಕ್ಯಾನ್ಸರಿನ ಭಯ ಹುಟ್ಟಿಸಿ ಗರ್ಭಕೋಶವನ್ನೇ ತೆಗೆಯಲಾಗಿತ್ತು. ಇಂಥ ಮಹಿಳೆಯರ ಸಂಖ್ಯೆ ಎರಡು ಸಾವಿರಕ್ಕೂ ಹೆಚ್ಚೆಂದು ವರದಿಯಾಯಿತು. ನಾಲ್ಕು ಖಾಸಗಿ ಆಸ್ಪತ್ರೆಗಳ ಪರವಾನಗಿ ರದ್ದಾಯಿತು. ಆದರೂ ಅವು ನಡೆಯುತ್ತಲೇ ಇವೆಯೆಂದು 2017ರ ಫೆಬ್ರವರಿಯಲ್ಲಿ ಆ ಮಹಿಳೆಯರೇ ಬೀದಿಗಿಳಿಯಬೇಕಾಯಿತು!

ಇಲ್ಲಿ ಗಮನಿಸಬೇಕಾದುದೊಂದಿದೆ. 2007ರ ಕಾಯ್ದೆ ಆಗಲೇ ಜಾರಿಯಲ್ಲಿತ್ತು. ಆದರೆ ಈ ಅನ್ಯಾಯವನ್ನು ಬಯಲಿಗೆಳೆದುದು ತಪಾಸಣಾಧಿಕಾರಿಯಲ್ಲ, ತಾಂಡಾದ ಮಹಿಳೆಯರು ಮತ್ತು ಅವರೊಡನೆ ನಿಂತ ಜನಸಂಘಟನೆಗಳು. ಹಾಗಾದರೆ ವೈದ್ಯರ ಅನುಮಾನ ಸರಿ, ತೀರ್ಮಾನ ತಪ್ಪು. ಕಾಗದದ ತಪಾಸಣೆ ಸೋತಿದ್ದರೆ ಅದಕ್ಕೆ ಪರಿಹಾರ ತಪಾಸಣೆಯನ್ನೇ ಕೈಬಿಡುವುದಲ್ಲ, ರೋಗಿಯ ಸಾಕ್ಷ್ಯಕ್ಕೆ ಅದರಲ್ಲಿ ಸ್ಥಾನ ನೀಡುವುದು.

ವೈದ್ಯನನ್ನು ಪರೀಕ್ಷಿಸುವುದು ಅವನಿಗೆ ಮಾಡುವ ಅವಮಾನವೂ ಅಲ್ಲ. ಕ್ರಿ.ಶ. 931ರಲ್ಲಿ ಬಗ್ದಾದಿನಲ್ಲಿ ವೈದ್ಯನೊಬ್ಬನ ತಪ್ಪಿನಿಂದ ರೋಗಿ ಮೃತಪಟ್ಟಾಗ ಖಲೀಫ ಮುಕ್ತದಿರ್, ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಯಾರೂ ಚಿಕಿತ್ಸೆ ನೀಡಕೂಡದೆಂದು ಆಜ್ಞಾಪಿಸಿದರು. ಎಂಟುನೂರಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷಿಸಿದ ಸಿನಾನ್ ಇಬ್ನು ಸಾಬಿತ್ ಸ್ವತಃ ವೈದ್ಯರಾಗಿದ್ದರು.

2017ರ ನವೆಂಬರ್‌ನಲ್ಲಿ ಕಾಯ್ದೆಗೆ ತಿದ್ದುಪಡಿ ಬಂದಾಗ ಖಾಸಗಿ ವೈದ್ಯರು ರಾಜ್ಯಾದ್ಯಂತ ಮುಷ್ಕರ ಹೂಡಿದರು. ಜೈಲುಶಿಕ್ಷೆಯ ಪ್ರಸ್ತಾಪ ಬಿದ್ದುಹೋಯಿತು; ಜಿಲ್ಲಾಧಿಕಾರಿಯ ನೇತೃತ್ವದ ದೂರು ಪ್ರಾಧಿಕಾರ ಉಳಿಯಿತು. ಆದರೆ ಚಿಂಚೋಳಿಯ ತಾಂಡಾದ ಕೂಲಿ ಹೆಂಗಸಾಗಲಿ, ಶಹಾಬಾದಿನ ಕಲ್ಲುಗಣಿಯ ಕಾರ್ಮಿಕನಾಗಲಿ, ವಾಡಿಯ ಸಿಮೆಂಟ್ ಗುತ್ತಿಗೆ ನೌಕರನಾಗಲಿ ಒಂದು ದಿನದ ಕೂಲಿ ಬಿಟ್ಟು ಕಲಬುರಗಿಯ ಕಚೇರಿ ಹುಡುಕಿಕೊಂಡು ಹೋಗುವುದುಂಟೇ? ಪ್ರಾಧಿಕಾರವೇ ಸೇಡಂ, ಚಿತ್ತಾಪುರ, ಚಿಂಚೋಳಿಗೆ ಬಂದು ಬಹಿರಂಗವಾಗಿ ದೂರು ಆಲಿಸಲಿ. ಸರಕಾರಿ ಆಸ್ಪತ್ರೆಯ ವಿರುದ್ಧದ ದೂರನ್ನೂ ಅಲ್ಲಿಯೇ ಕೇಳುವಂತೆ ಕಾನೂನನ್ನು ತಿದ್ದಲಿ. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೊಳಿಸಲು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ಅದರಂತೆ ಜಿಲ್ಲೆಯಲ್ಲಿ ಏನಾಗಿದೆಯೆಂಬುದನ್ನು ಆ ಸಭೆಯಲ್ಲಿಯೇ ಓದಿ ಹೇಳಲಿ.

ಪ್ರಾಮಾಣಿಕ ವೈದ್ಯರಿಗೆ ಇದರಿಂದ ನಷ್ಟವೇನು? ತಪಾಸಣೆಯ ಟೊಳ್ಳುತನವನ್ನು ಅವರಷ್ಟು ಬಲ್ಲವರಿಲ್ಲ. ಆದ್ದರಿಂದಲೇ ಅದನ್ನು ಸರಿಪಡಿಸುವ ಹೊಣೆಯೂ ಅವರ ಮೇಲಿದೆ. 2015ರಲ್ಲಿ ತಾಂಡಾದ ಮಹಿಳೆಯರು ಮಾತನಾಡಿದರು. ಪಕ್ಕದ ಕ್ಲಿನಿಕ್ಕಿನ ವೈದ್ಯರು ಅಂದು ಏಕೆ ಮೌನವಾಗಿದ್ದರು?