ನೊರಿ ಉಕ್ಕಿದ್ರ ಮಷೀನಿಗೆ ಬೈಬ್ಯಾಡ್ರಿ

ಮಗಾ ಉಪ್ಪುನೀರಿನ ಮೀನಿನ ಟ್ಯಾಂಕ್ ಹೊಸದಾಗಿ ಇಟ್ಟಾನ್ರಿ. ನೀರಿನ ಹೊಲಸು ನೊರಿ ಮಾಡಿ ಕಪ್ಪಿಗೆ ಏರಿಸೋ ಪ್ರೋಟೀನ್ ಸ್ಕಿಮ್ಮರ್ ಮೊದಲನೇ ದಿನಾನ ಹಾಲಿನಂಗ ಉಕ್ಕಿ ನೆಲಾ ತೊಯಿಸ್ತು. ‘ಖೊಟ್ಟಿ ಮಾಲು, ವಾಪಸ್ ಕೊಡೋಣು’ ಅಂದ.

ನಾ ಅಂತೀನಿ, ತಪ್ಪು ನಮ್ಮ ಅವಸರದ್ದು. ಹೊಸಾ ಪ್ಲಾಸ್ಟಿಕ್ಕಿನ ಜಿಡ್ಡು ಹೋಗೂತನಕ ಒಂದೆರಡು ವಾರ ಹಿಂಗ ಆಗೋದ. ಕ್ಲೋರಿನ್ ತಗಿಯೋ ಔಷಧಕ್ಕೂ ಉಕ್ಕತದ. ಇವಾ ಎರಡು ಮುಚ್ಚಳ ಹೆಚ್ಚಿಗೆ ಸುರದಿದ್ದ! ನೀರು ಹೊರಗ ಹೋಗೋ ವಾಲ್ವ್ ಪೂರ್ತಿ ತಗದು ಒಳಗಿನ ಮಟ್ಟ ಇಳಿಸಿದ್ವಿ. ಕಪ್ಪಿಗೆ ಸಾಬೂನು ಮುಟ್ಟಸ್ಲಿಲ್ಲ. ಚೆಲ್ಲಿದ್ದಕ್ಕ ಸಿಹಿನೀರು ಸುರದ್ರ ಉಪ್ಪು ಇಳದು ಮೀನಿಗೆ ತ್ರಾಸು. ಅದಕ್ಕ ಸಾಂದ್ರತೆ 1.025 ನೋಡಿ ಉಪ್ಪುನೀರನ್ನ ಹಾಕಿದ್ವಿ. ಹತ್ತನೇ ದಿನಕ್ಕ ತಾನ ತಣ್ಣಗಾತು.

ಹೊಸಾ ಹಂಚಿನ ಮ್ಯಾಲೆ ಮೊದಲನೇ ದ್ವಾಸಿ ಸರಿಯಾಗಿ ಏಳತದೇನ್ರಿ?